ಸೈಕಲ್ಲಿನ ಬಿಲ್ಲೆ



ಕಳೆದ ದೀಪಾವಳಿಗೆ ಮುನ್ನ ಮನೆಯ ಅಟ್ಟವನ್ನು ಗುಡಿಸಿ ಹಸನುಮಾಡುತ್ತಿದ್ದಾಗ, ನಮ್ಮ ತಂದೆಯವರು ಹಳೆಯ ರಸೀತಿಗಳನ್ನೂ ಯಾವ ಬೀಗಕ್ಕೂ ಸೇರದ ಬೀಗದ ಕೈಗಳನ್ನೂ ಕೂಡಿಡುತ್ತಿದ್ದ ತಗಡಿನ ಡಬ್ಬಿಯೊಳಗೆ, ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡದಾದ, ಮೇಲಂಚಿನಲ್ಲೊಂದು ತೂತಿದ್ದ, ಅಕ್ಷರಗಳೆಲ್ಲ ಸವೆದು ಅಂಕಿಗಳು ಮಾತ್ರ ಉಳಿದಿದ್ದ ಒಂದು ಹಿತ್ತಾಳೆಯ ಬಿಲ್ಲೆ ನನ್ನ ಕೈಗೆ ಸಿಕ್ಕಿತು. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ತಾತ, ಇದು ನಾಯಿ ಕೊರಳಿಗೆ ಕಟ್ಟೋದಾ?” ಎಂದು ಕೇಳಿದಳು. ಅಲ್ಲಮ್ಮ, ಇದು ಸೈಕಲ್ಲಿಗೆ ಕಟ್ಟುವುದು ಎಂದೆ. ವರ್ಷಕ್ಕೊಮ್ಮೆ ನಗರಸಭೆಗೆ ತೆರಿಗೆ ಸಲ್ಲಿಸಿ ಈ ಬಿಲ್ಲೆಯನ್ನು ಪಡೆಯಬೇಕಾಗಿದ್ದುದನ್ನೂ, ಬಿಲ್ಲೆಯಿಲ್ಲದ ಸೈಕಲ್ಲು ಕಂಡರೆ ಹಿಡಿದು ನಿಲ್ಲಿಸುತ್ತಿದ್ದುದನ್ನೂ, ರಾತ್ರಿ ದೀಪವಿಲ್ಲದೆ ಹೋದವನ ಮತ್ತು ಹಿಂದೆ ಮುಂದೆ ಜನರನ್ನು ಕೂರಿಸಿಕೊಂಡು ‘ಡಬಲ್ಸ್’ ಹೋದವನ ಚಕ್ರದ ಗಾಳಿಯನ್ನು ಪೊಲೀಸಿನವನು ಬಿಟ್ಟುಬಿಡುತ್ತಿದ್ದುದನ್ನೂ ವಿವರಿಸಿದೆ. “ಸೈಕಲ್ಲಿಗೂ ಟ್ಯಾಕ್ಸಾ!” ಎಂದು ಅವಳು ನಕ್ಕಳು. ನಾನೂ ನಕ್ಕೆನಾದರೂ, ನಕ್ಕ ಮೇಲೆ ಒಂದು ಯೋಚನೆ ಮನಸ್ಸನ್ನು ಬಿಡದೆ ಕಾಡಿತು. ತೆರಿಗೆಯೆಂಬುದು ಹೊರೆಯೇ ಹೌದು. ಆದರೆ ತೆರಿಗೆ ವಿಧಿಸುವವನು ಮೊದಲು ನಮ್ಮನ್ನು ಎಣಿಸಿರಲೇಬೇಕಷ್ಟೆ. ಈ ನಗರದಲ್ಲಿ ಸೈಕಲ್ಲುಗಳೆಷ್ಟು ಎಂಬ ಪ್ರಶ್ನೆಗೆ ಅಂದು ಲೆಕ್ಕದ ಪುಸ್ತಕವೊಂದು ಉತ್ತರ ಹೇಳುತ್ತಿತ್ತು. ಇಂದು ಬೆಂಗಳೂರಿನಲ್ಲಿ ನೋಂದಾಯಿತವಾದ ಮೋಟಾರು ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆಯೆಂದು ನಾವೆಲ್ಲ ಬಲ್ಲೆವು; ಸೈಕಲ್ಲಿಗೆ ತೆರಿಗೆಯೂ ಇಲ್ಲ, ಲೆಕ್ಕವೂ ಇಲ್ಲ.

ನಡೆಯುವವರಿಗೂ ಸೈಕಲ್ಲು ತುಳಿಯುವವರಿಗೂ ಊರಿನ ಉದ್ದಗಲಕ್ಕೆ ದಾರಿಗಳ ಒಂದು ಜಾಲವನ್ನು ಹೆಣೆಯಬೇಕಾದಲ್ಲಿ, ಅದು ಎಲ್ಲಿಂದ ಮೊದಲಾಗಬೇಕು ಮತ್ತು ಯಾರ ಅಳತೆಗೆ ಹೊಂದಬೇಕು ಎಂಬುದು ಇಂದಿನ ನನ್ನ ಭಾಷಣದ ವಿಷಯ. ಸರ್ಕಾರದ ಕಾಗದಪತ್ರಗಳಲ್ಲಿ ಇಂಥ ಓಡಾಟಕ್ಕೆ ‘ಸಕ್ರಿಯ ಸಂಚಾರ’ ಎಂಬ ಗಂಭೀರವಾದ ಹೆಸರುಂಟು. ಮೈಬಲದಿಂದ ಓಡಾಡುವುದು ಎಂದರೂ ನಡೆದೀತು. ನಕ್ಷೆಯನ್ನು ಬಾನುಲಿಯಲ್ಲಿ ತೋರಿಸಲು ಬಾರದಾದ ಕಾರಣ, ಲಾಲ್‌ಬಾಗಿನಿಂದ ದಕ್ಷಿಣಕ್ಕೆ ಜಯನಗರ, ಅದಕ್ಕೆ ತೆಂಕಣ ದಿಕ್ಕಿನಲ್ಲಿ ಜೆ.ಪಿ. ನಗರ, ಪಡುವಣಕ್ಕೆ ಬನಶಂಕರಿ, ಮೂಡಣಕ್ಕೆ ಬನ್ನೇರುಘಟ್ಟ ರಸ್ತೆಯ ಆಚೆಗೆ ಬಿ.ಟಿ.ಎಂ. ಬಡಾವಣೆ, ಇಷ್ಟನ್ನು ತಾವು ಮನಸ್ಸಿನಲ್ಲಿಯೇ ಬರೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಜಯನಗರಕ್ಕೆ ಶಂಕುಸ್ಥಾಪನೆಯಾದುದು 1948ರಲ್ಲಿ, ಅಂದಿನ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹಸ್ತದಿಂದ. ಬಡಾವಣೆಗೆ ಹೆಸರು ಬಂದುದು ಜಯಚಾಮರಾಜ ಒಡೆಯರಿಂದ. ಅಗಲವಾದ ರಸ್ತೆ, ಇಕ್ಕೆಲದಲ್ಲಿ ಸಾಲುಮರ, ಬ್ಲಾಕಿಗೊಂದು ಆಟದ ಬಯಲು, ಅಂಗಡಿಗಳಿಗೆ ಪ್ರತ್ಯೇಕ ಜಾಗ: ಹೀಗೆ ಅಳೆದು ಸುರಿದು ಕಟ್ಟಿದ ಈ ಬಡಾವಣೆಯಲ್ಲಿ, ಕಾರುಳ್ಳವರ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಆ ದಿನಗಳಲ್ಲಿ, ಅಷ್ಟು ಅಗಲದ ರಸ್ತೆಗಳು ಏತಕ್ಕೆ ಬೇಕಾಗಿದ್ದುವೆಂದು ಕೇಳಿದರೆ ನಮ್ಮ ತಂದೆಯವರು ಗಾಳಿಗೆ ಎನ್ನುತ್ತಿದ್ದರು. ಅವರು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬೆಳಗಿನ ಪಾಳಿಯ ಸೈರನ್ನು ಕೂಗುವ ಮೊದಲು ಮೂರನೆಯ ಬ್ಲಾಕಿನಿಂದ ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟರೆ ಅವರು ಪೆಡಲು ಮುಟ್ಟುತ್ತಿದ್ದುದು ಕಡಿಮೆ. ಸಂಜೆ ಹಿಂದಿರುಗುವಾಗ ಅದೇ ಇಳಿಜಾರು ಏರಾಗಿ, ಬೆಳಿಗ್ಗೆ ಕೊಟ್ಟ ಸಾಲವನ್ನು ಬಡ್ಡಿಸಹಿತ ವಸೂಲುಮಾಡುತ್ತಿತ್ತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ಕಾರ್ಖಾನೆಗಳ ಬಾಗಿಲು ತೆರೆದಾಗ ಸೈಕಲ್ಲುಗಳ ಪ್ರವಾಹವೇ ಹೊರಕ್ಕೆ ಹರಿಯುತ್ತಿದ್ದ ದೃಶ್ಯವನ್ನು ಕಂಡವರು ನಿಮ್ಮಲ್ಲಿ ಇನ್ನೂ ಕೆಲವರು ಇರಬಹುದು. ಸ್ವಂತ ಸೈಕಲ್ಲು ಇಲ್ಲದವನಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಯಿತ್ತು. ನಾನು ಒಳಪೆಡಲು ಕಲಿತುದು ಅಂಥದೊಂದು ಅಂಗಡಿಯ, ಬ್ರೇಕಿಲ್ಲದ, ಅರ್ಧ ಗಾತ್ರದ ಸೈಕಲ್ಲಿನಲ್ಲಿ. ಅಂಗಡಿಯಾತ ಅಡವಿಟ್ಟುಕೊಳ್ಳುತ್ತಿದ್ದುದು ತಂದೆಯ ಹೆಸರನ್ನು ಮಾತ್ರ. ಇಂದು ಮೆಟ್ರೋ ನಿಲ್ದಾಣಗಳ ಬಳಿ ನಿಂತಿರುವ ಬಾಡಿಗೆಯ ವಿದ್ಯುತ್ ದ್ವಿಚಕ್ರಗಳನ್ನು ಬಿಡಿಸಿಕೊಳ್ಳಲು ಸ್ಮಾರ್ಟ್‌ಫೋನು ಬೇಕು, ಅದರೊಳಗೆ ದುಡ್ಡು ಬೇಕು. ಅವೆರಡೂ ಇಲ್ಲದವನ ತಂದೆಯ ಹೆಸರನ್ನು ಯಂತ್ರವು ಕೇಳುವುದಿಲ್ಲ.

ಬೆಂಗಳೂರಿನ ಮೊದಲ ಸೈಕಲ್ ಪಥಗಳು ಮೂಡಿದುದೂ ಈ ಜಯನಗರದಲ್ಲಿಯೇ. 2012ರ ಸುಮಾರಿಗೆ ಮಹಾನಗರಪಾಲಿಕೆಯೂ ನಗರ ಭೂಸಾರಿಗೆ ನಿರ್ದೇಶನಾಲಯವೂ ಕೂಡಿ, ಇಲ್ಲಿಯ ಕೆಲವು ರಸ್ತೆಗಳ ಅಂಚಿನಲ್ಲಿ ಗೆರೆಗಳನ್ನೆಳೆದು, ನೆಲದ ಮೇಲೆ ಸೈಕಲ್ಲಿನ ಚಿತ್ರ ಬರೆಯಿಸಿ, ಫಲಕಗಳನ್ನು ನೆಟ್ಟುವು. ನಾನು ಸಂತೋಷದಿಂದ ಆ ಗೆರೆಯೊಳಗೆ ಸೈಕಲ್ಲು ನಡೆಸಿದವನು. ಆದರೆ ಸಂತೋಷ ಬಹುಕಾಲ ಬಾಳಲಿಲ್ಲ. ಗೆರೆಯ ಒಳಗೆ ಕಾರುಗಳು ನಿಂತುವು. ನಿಂತ ಕಾರನ್ನು ಬಳಸಿಕೊಂಡು ಹೋಗುವ ಸೈಕಲಿಗನು, ಗೆರೆಯೇ ಇಲ್ಲದಿದ್ದ ಕಾಲದಲ್ಲಿ ನೇರವಾಗಿ ಹೋಗುತ್ತಿದ್ದವನು, ಈಗ ಹಾವಿನಂತೆ ಒಳಗೂ ಹೊರಗೂ ಬಾಗುತ್ತ, ಪ್ರತಿ ಬಾಗಿಗೂ ಬೆನ್ನ ಹಿಂದಿನ ಬಸ್ಸಿಗೆ ಹೆದರುತ್ತ ಸಾಗಬೇಕಾಯಿತು. ಎರಡು ಮಳೆಗಾಲ, ಒಂದು ಟಾರು, ಅಷ್ಟರಲ್ಲಿ ಚಿತ್ರದ ಸೈಕಲ್ಲಿಗೆ ಒಂದು ಚಕ್ರ ಮಾತ್ರ ಉಳಿದಿತ್ತು.

ಕಾರು ನಿಲ್ಲಿಸುವವರನ್ನು ಬೈದು ಈ ಪ್ರಕರಣವನ್ನು ಮುಗಿಸಿಬಿಡುವುದು ರೂಢಿ. ನನಗೆ ಅದು ಅರ್ಧ ಸತ್ಯವೆಂದು ತೋರುತ್ತದೆ. ಜಯನಗರವನ್ನು ಆರಿಸಿಕೊಂಡುದೇಕೆ? ಇಲ್ಲಿಯ ರಸ್ತೆಗಳು ಅಗಲ, ನೆರಳು ತಂಪು, ವಾಹನಗಳ ವೇಗ ಮಿತ, ಆದುದರಿಂದ ಕೆಲಸ ಸುಲಭ. ಆದರೆ ಸೈಕಲಿಗನಿಗೆ ಪ್ರಾಣಸಂಕಟವಾಗುವುದು ಅಗಲವಾದ ರಸ್ತೆಯಲ್ಲಲ್ಲ. ಆ ರಸ್ತೆ ಮುಗಿಯುವೆಡೆಯಲ್ಲಿ. ಮಲೆನಾಡಿನ ಹಳ್ಳದ ಮೇಲಿನ ಕಾಲುಸಂಕದಲ್ಲಿ ತೊಂಬತ್ತೊಂಬತ್ತು ದಬ್ಬೆ ಗಟ್ಟಿಯಾಗಿದ್ದು ನಡುವೆ ಎರಡು ಮೂರು ಬಿದ್ದುಹೋಗಿದ್ದರೆ, ಅದನ್ನು ನಾವು ಬಹುಮಟ್ಟಿಗೆ ಉತ್ತಮವಾದ ಸಂಕವೆಂದು ಹೊಗಳುತ್ತೇವೆಯೇ? ತಾಯಿ ತನ್ನ ಮಗುವನ್ನು ಶಾಲೆಗೆ ಸೈಕಲ್ಲಿನಲ್ಲಿ ಕಳುಹಿಸುವ ಮುನ್ನ ನೆನೆಯುವುದು ದಾರಿಯಲ್ಲಿನ ಅತ್ಯಂತ ಕೆಟ್ಟ ಐವತ್ತು ಗಜವನ್ನು. ಜಾಲದ ಬೆಲೆಯನ್ನು ಕಿಲೋಮೀಟರುಗಳ ಮೊತ್ತದಿಂದ ಕಟ್ಟುವವರು ಈ ತಾಯಿಯ ಗಣಿತವನ್ನು ಕಲಿತವರಲ್ಲ.

ಯಾರಿಗಾಗಿ ಈ ದಾರಿ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತದೆ ಮುಂದುವರಿಯುವಂತಿಲ್ಲ. ನಿದ್ರೆ ಬಾರದ ವಯಸ್ಸು ನನ್ನದಾದುದರಿಂದ, ಬೆಳಗಿನ ಐದೂವರೆಗೆ ನಾಲ್ಕನೆಯ ಬ್ಲಾಕಿನ ಕಡೆಗೆ ನಡೆದುಹೋಗುವುದು ನನ್ನ ಅಭ್ಯಾಸ. ಅಂಗಡಿಗಳ ಜಗಲಿಯ ಮೇಲೆ ದಿನಪತ್ರಿಕೆಗಳನ್ನು ಜೋಡಿಸಿ, ಕಟ್ಟುಗಳನ್ನು ಕ್ಯಾರಿಯರಿಗೆ ಬಿಗಿಯುತ್ತಿರುವ ಹುಡುಗರನ್ನೂ, ಹಾಲಿನ ಪೊಟ್ಟಣಗಳ ಚೀಲವನ್ನು ಹ್ಯಾಂಡಲಿನ ಎರಡು ಕಡೆಗೂ ತೂಗುಹಾಕಿಕೊಂಡವನನ್ನೂ, ರಾತ್ರಿಯ ಪಹರೆ ಮುಗಿಸಿ ಕೆಂಪುಗಣ್ಣಿನಿಂದ ಬಾಡಿಗೆಯ ಕೋಣೆಗೆ ಮರಳುವ ಕಾವಲುಗಾರನನ್ನೂ, ಪೊರಕೆ ಹೆಗಲೇರಿಸಿ ಹಾಜರಿ ಕೊಡಲು ಧಾವಿಸುವ ಪೌರಕಾರ್ಮಿಕ ಹೆಂಗಸರನ್ನೂ, ರಾಗಿಗುಡ್ಡದ ಬುಡದ ವಸತಿಯಿಂದಲೂ ಗುರಪ್ಪನಪಾಳ್ಯ, ತಿಲಕನಗರ, ಯಾರಬ್ ನಗರಗಳಿಂದಲೂ ಹೊರಟು ಏಳಕ್ಕೆ ಮುಂಚೆ ಮೊದಲ ಮನೆಯ ಪಾತ್ರೆ ತೊಳೆದು ಮುಗಿಸಬೇಕಾದವರನ್ನೂ ನಾನು ಅಲ್ಲಿ ಕಾಣುತ್ತೇನೆ. ನಡುರಾತ್ರಿಯ ಮೇಲೆ ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡಿನ ಕಡೆ ಹೋದವರು ಇನ್ನೊಬ್ಬನನ್ನು ಕಂಡಿರಬಹುದು: ಸೈಕಲ್ಲಿನ ಹಿಂದೆ ಚಹದ ಫ್ಲಾಸ್ಕುಗಳನ್ನು ಕಟ್ಟಿಕೊಂಡು, ಪಾಳಿ ಮುಗಿಸಿ ಬರುವ ತರುಣರಿಗಾಗಿ ದೀಪದ ಕಂಬದ ಕೆಳಗೆ ಕಾಯುವವನು. ಅವನ ಅಂಗಡಿಯೆಲ್ಲವೂ ಆ ಎರಡು ಚಕ್ರಗಳ ಮೇಲೆಯೇ.

2011ರ ಜನಗಣತಿಯು ದೇಶದಲ್ಲಿ ಬೇಸಾಯದ ಹೊರತು ಇತರ ಕೆಲಸಗಳಿಗೆ ಹೋಗುವವರು ಹೇಗೆ ಹೋಗುತ್ತಾರೆಂದು ಕೇಳಿದಾಗ, ನೂರರಲ್ಲಿ ಸುಮಾರು 22 ಮಂದಿ ನಡೆದೂ ಸುಮಾರು 13 ಮಂದಿ ಸೈಕಲ್ಲಿನಲ್ಲಿಯೂ ಹೋಗುತ್ತಾರೆಂದು ತಿಳಿದುಬಂತು. ಕಾರಿನಲ್ಲಿ ಹೋಗುವವರು ಮೂರಕ್ಕೂ ಕಡಿಮೆ. ಆ ಮೂವರಿಗಾಗಿ ನಾವು ಎಷ್ಟು ಸೇತುವೆಗಳನ್ನು ಕಟ್ಟಿದೆವೆಂದು ಇಲ್ಲಿ ಲೆಕ್ಕ ಹಾಕುವುದು ಬೇಡ. ಆದರೆ ಒಂದು ಮಾತು ಹೇಳಲೇಬೇಕು. ರಸ್ತೆಯ ಯೋಜನೆಗೆ ಮುನ್ನ ವಾಹನಗಳನ್ನು ಎಣಿಸುವವರು ನಿಲ್ಲುವುದು ದೊಡ್ಡ ಕೂಡುರಸ್ತೆಗಳಲ್ಲಿ, ಜನಸಂದಣಿಯ ವೇಳೆಯಲ್ಲಿ. ನಾನು ಮೇಲೆ ಹೆಸರಿಸಿದ ಜನರಾದರೋ, ಎಣಿಸುವವರು ಹಾಸಿಗೆಯಿಂದೇಳುವ ಮುನ್ನವೇ ಹೋಗಿಬಿಟ್ಟಿರುತ್ತಾರೆ. ಅಲ್ಲದೆ ದೊಡ್ಡ ಕೂಡುರಸ್ತೆಗೆ ಹೆದರಿ ಹಿಂದಿನ ಓಣಿಗಳಿಂದಲೇ ದಾಟಿರುತ್ತಾರೆ. ಹೀಗೆ ಎಣಿಕೆಗೆ ಸಿಗದವರು ನಕ್ಷೆಗೂ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಶಿರಸ್ತ್ರಾಣ ಧರಿಸಿ, ನನ್ನ ಮೊದಲ ವರ್ಷದ ಸಂಬಳಕ್ಕಿಂತ ಹೆಚ್ಚು ಬೆಲೆಯ ಸೈಕಲ್ಲೇರಿ ನಂದಿಬೆಟ್ಟದ ಕಡೆಗೆ ಹೊರಡುವ ತರುಣ ತರುಣಿಯರ ಮೇಲೆ ನನಗೆ ಅಸೂಯೆಯಲ್ಲದೆ ಬೇರೇನೂ ಇಲ್ಲ. ಸೈಕಲ್ಲಿನ ಪರವಾಗಿ ಇಷ್ಟಾದರೂ ದನಿ ಎದ್ದಿರುವುದು ಅವರಿಂದಲೇ. ಸಭೆಗೆ ಬರಲು ಬಿಡುವುಳ್ಳವರ ದಾರಿ ಮೊದಲು, ಬಿಡುವಿಲ್ಲದವರ ದಾರಿ ಆಮೇಲೆ ಎಂದಾಗಬಾರದು ಎಂಬುದಷ್ಟೇ ನನ್ನ ತಕರಾರು.

ಜಾಲವನ್ನು ಹೆಣೆಯುವ ಮುನ್ನ ನೆಲವನ್ನು ತಿಳಿಯಬೇಕು. ಬಡಾವಣೆಗಳಿಗೆ ಮೊದಲು ಇಲ್ಲಿ ಹಳ್ಳಿಗಳಿದ್ದುವು: ಯಡಿಯೂರು, ಸಿದ್ದಾಪುರ, ಕನಕನಪಾಳ್ಯ, ಮಾರೇನಹಳ್ಳಿ, ಸಾರಕ್ಕಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ. ಬಿ.ಟಿ.ಎಂ. ಎಂಬ ಮೂರಕ್ಷರವನ್ನು ಇಂಗ್ಲಿಷೆಂದು ಭಾವಿಸಿ ಆಡುವ ನಮ್ಮ ಹೊಸ ತರುಣರಿಗೆ, ಅದರೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಅಚ್ಚಕನ್ನಡದ ಮೂರು ಊರುಗಳು ಅವಿತುಕೊಂಡಿವೆಯೆಂದು ಹೇಳಿದರೆ ಬೆರಗಾಗುತ್ತಾರೆ. ಬಡಾವಣೆಯ ಚೌಕಟ್ಟು ಈ ಹಳ್ಳಿಗಳ ಸುತ್ತ ಬಂದು ನಿಂತಿತು; ಹಳ್ಳಿಯ ಒಳಗೆ ಇಕ್ಕಟ್ಟಾದ ಸಂದುಗಳು ಹಾಗೆಯೇ ಉಳಿದುವು. ಇಂದಿಗೂ ಅಗ್ಗದ ಬಾಡಿಗೆಯ ಮನೆ ಸಿಗುವುದು, ಸೈಕಲ್ಲುಗಳು ಗೋಡೆಗೊರಗಿ ನಿಂತಿರುವುದು ಈ ಹಳೆಯ ಊರುಗಳ ಒಳಗಡೆ. ನೆಲದ ಇಳಿಜಾರೂ ಇಲ್ಲಿ ವಿಚಿತ್ರವಾದುದು. ಬಸವನಗುಡಿಯ ದಿಣ್ಣೆಯಿಂದ ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ; ಮೂಡಣಕ್ಕೆ ಬಿದ್ದುದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹೊಕ್ಕು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಒಂದೇ ಬಡಾವಣೆಯ ಮಳೆ ಎರಡು ನದಿಗಳಿಗೆ ಹಂಚಿಹೋಗುವ ಈ ನೆಲದಲ್ಲಿ ಮೋಟಾರಿಗೆ ಏರು ಇಳುವು ತಿಳಿಯದು. ತುಳಿಯುವ ಕಾಲಿಗೆ ತಿಳಿಯುತ್ತದೆ. ಹೇರು ಹೊತ್ತ ಸೈಕಲ್ಲಿಗೆ ನೂರಡಿಗೆ ಮೂರಡಿಯ ಏರೂ ಬೆಟ್ಟವೇ. ಆದುದರಿಂದ ನೀರು ಹುಡುಕಿಕೊಂಡ ದಾರಿಯನ್ನು, ಎಂದರೆ ರಾಜಕಾಲುವೆಗಳ ದಂಡೆಯನ್ನು, ಕೆರೆಯಿಂದ ಕೆರೆಗೆ ಹೋಗುವ ತಗ್ಗನ್ನು ಅನುಸರಿಸಿದರೆ ಮೈಬಲದವರಿಗೆ ಬಹಳ ಅನುಕೂಲವುಂಟು.

ಹಿಂದಿನ ಓಣಿಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಪ್ಲೇಗಿನ ಕಾಲದಲ್ಲಿ ಎದ್ದ ಬಸವನಗುಡಿಯಂಥ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ಓಣಿಗಳನ್ನು ಬಿಟ್ಟಿರುವುದನ್ನು ತಾವು ಬಲ್ಲಿರಿ. ಮಲ ಹೊರುವವರು ಮುಂಬಾಗಿಲಿನ ಬೀದಿಗೆ ಬಾರದೆ, ಯಾರ ಕಣ್ಣಿಗೂ ಬೀಳದೆ ಬಂದುಹೋಗಲೆಂದು ಮಾಡಿದ ಓಣಿಗಳು ಅವು. ಇವನ್ನು ಸೈಕಲ್ಲಿನ ದಾರಿಯನ್ನಾಗಿ ಮಾಡಬಹುದೆಂದು ಅನೇಕರು ಸೂಚಿಸುವುದುಂಟು, ಸೂಚನೆ ಉಪಯುಕ್ತವೇ. ಆದರೆ ಬಡವನ ಸಂಚಾರವನ್ನು ಹಿತ್ತಲಿಗೆ ತಳ್ಳಿ ಮುಂಬೀದಿಯನ್ನು ಕಾರಿಗೆ ಬಿಟ್ಟುಕೊಡುವ ಹಳೆಯ ಪದ್ಧತಿಗೆ ಇದು ಹೊಸ ಬಣ್ಣವಾದೀತೇ ಎಂಬ ಶಂಕೆ ನನ್ನನ್ನು ಬಿಟ್ಟಿಲ್ಲ. ಕತ್ತಲಾದ ಮೇಲೆ ನಿರ್ಜನವಾದ ಓಣಿಯಲ್ಲಿ, ಗಾರ್ಮೆಂಟ್ ಕಾರ್ಖಾನೆಯಿಂದ ಮರಳುವ ಹೆಣ್ಣುಮಗಳು ಒಂಟಿಯಾಗಿ ಹೋಗಲಾರಳು. ಓಣಿ ಒದಗಿದರೆ ಒದಗಲಿ. ಹಕ್ಕು ಮಾತ್ರ ದೀಪವುಳ್ಳ, ಜನವುಳ್ಳ, ಮುಂಬಾಗಿಲಿನ ಬೀದಿಯಲ್ಲಿರಬೇಕು.

ಇಂಥ ಜಾಲವನ್ನು ಹೆಣೆದು ತೋರಿಸಿದ ಊರುಗಳುಂಟು. ಹಾಲೆಂಡಿನ ಡೆಲ್ಫ್ಟ್ ಎಂಬ ಪಟ್ಟಣ 1979ರಿಂದ ಆರಂಭಿಸಿ, ಊರಿಗೆಲ್ಲ ಒಂದೇ ಬಗೆಯ ದಾರಿ ಎನ್ನದೆ ಮೂರು ಬಲೆಗಳನ್ನು ಒಂದರ ಮೇಲೊಂದು ಹಾಸಿತು. ಊರನ್ನು ದಾಟುವವರಿಗೆ ಸುಮಾರು ಐನೂರು ಮೀಟರಿಗೊಂದರಂತೆ ಹಾಯುವ ಹೆದ್ದಾರಿಗಳು, ಶಾಲೆ ಸಂತೆಗಳಿಗೆ ಇನ್ನೂರು ಮುನ್ನೂರು ಮೀಟರಿಗೊಂದರಂತೆ ನಡುದಾರಿಗಳು, ಕೇರಿಯೊಳಗಿನ ಮಕ್ಕಳಿಗೆ ಮುದುಕರಿಗೆ ನೂರು ಮೀಟರಿಗೊಂದರಂತೆ ಕಿರುದಾರಿಗಳು. ಐನೂರು ಮೀಟರಿನ ಕಣ್ಣುಳ್ಳ ಬಲೆಯನ್ನು ಎಳೆದರೆ ಯಾವ ಮನೆಯೂ ಸುರಕ್ಷಿತವಾದ ದಾರಿಯಿಂದ ಇನ್ನೂರೈವತ್ತು ಮೀಟರಿಗಿಂತ ದೂರವಿರುವುದಿಲ್ಲವೆಂಬುದನ್ನು ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲ. ಸ್ಪೇನಿನ ಸೆವಿಲ್ ನಗರ 2006ರ ಸುಮಾರಿಗೆ ಕೆಲಸ ಹಿಡಿದು, ತುಂಡು ತುಂಡಾಗಿ ಅಲ್ಲದೆ ಒಂದೇ ಪಟ್ಟಿಗೆ ಸುಮಾರು ಎಂಬತ್ತು ಕಿಲೋಮೀಟರಿನ ಕೂಡಿದ ಜಾಲವನ್ನು ಕಟ್ಟಿಬಿಟ್ಟಿತು. ಸೈಕಲ್ಲು ಅಪರೂಪವಾಗಿದ್ದ ಆ ಬಿಸಿಲಿನ ಊರಿನಲ್ಲಿ ಕೆಲವೇ ವರ್ಷಗಳಲ್ಲಿ ಸವಾರರು ಹಲವು ಮಡಿ ಹೆಚ್ಚಿದರು. ಇವೆರಡರಿಂದ ನಾವು ಕಲಿಯತಕ್ಕದ್ದು ಬಣ್ಣವನ್ನಲ್ಲ, ಕೂಡಿಕೆಯನ್ನು.

ದಕ್ಷಿಣ ಬೆಂಗಳೂರಿನಲ್ಲಿ ಈ ಬಲೆಯ ಮೊದಲ ಗಂಟನ್ನು ಎಲ್ಲಿ ಹಾಕಬೇಕೆಂದು ನನ್ನನ್ನು ಕೇಳಿದರೆ, ನಾಲ್ಕನೆಯ ಬ್ಲಾಕಿನ ಅಂಗಡಿಬೀದಿಯನ್ನಾಗಲಿ ಮೆಟ್ರೋ ನಿಲ್ದಾಣವನ್ನಾಗಲಿ ನಾನು ತೋರಿಸುವುದಿಲ್ಲ. ಜಯನಗರದ ಮೂಡಣ ಅಂಚಿನಲ್ಲಿ, ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ಹೊಂದಿಕೊಂಡಂತೆ, ನಿಮ್ಹಾನ್ಸ್, ಕಿದ್ವಾಯಿ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯಗಾಂಧಿ ಆಸ್ಪತ್ರೆ, ಇನ್ನೂ ತೆಂಕಣಕ್ಕೆ ಜಯದೇವ ಹೃದ್ರೋಗ ಸಂಸ್ಥೆ ಹೀಗೆ ಸಾರ್ವಜನಿಕ ಆಸ್ಪತ್ರೆಗಳ ಒಂದು ಸಾಲೇ ಇದೆ. ಕಲಬುರಗಿಯಿಂದ ಚಾಮರಾಜನಗರದವರೆಗಿನ ರೋಗಿಗಳೂ ಅವರ ಜೊತೆಗೆ ಬಂದವರೂ, ಕೈಯಲ್ಲಿ ಎಕ್ಸ್-ರೇ ಹಾಳೆಯ ಚೀಲ ಹಿಡಿದು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಔಷಧದ ಅಂಗಡಿಗೆ, ಅಗ್ಗದ ಊಟದ ಜಾಗಕ್ಕೆ, ಬಸ್ಸು ನಿಲ್ದಾಣಕ್ಕೆ ನಡೆದಾಡುವುದನ್ನು ಅಲ್ಲಿ ಒಂದು ಗಂಟೆ ನಿಂತವರು ನೋಡಬಹುದು. ನಾಡಿನ ಎಲ್ಲ ಜಿಲ್ಲೆಗಳ ಬಡವರೂ ನಡೆಯುವ ಫುಟ್‌ಪಾತು ಬೆಂಗಳೂರಿನಲ್ಲಿ ಇದ್ದರೆ ಅದು ಇದು. ರಸ್ತೆಗಳ ಅಳತೆಗಳನ್ನು ಗೊತ್ತುಪಡಿಸುವ ಭಾರತೀಯ ರಸ್ತೆ ಸಮಾವೇಶದ ಸೂಚನೆಯ ಪ್ರಕಾರ ಕಾಲುದಾರಿಯಲ್ಲಿ ಏನೊಂದೂ ಅಡ್ಡವಿಲ್ಲದ ಅಗಲ ಕಡೆಯ ಪಕ್ಷ 1.8 ಮೀಟರು ಇರತಕ್ಕದ್ದು. ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರನ್ನು ಮೀರತಕ್ಕದ್ದಲ್ಲ. ಗಾಲಿಕುರ್ಚಿ ದೂಡುವವನಿಗೂ, ಊರುಗೋಲಿನವನಿಗೂ ಬೇಕಾದುದು ಇಷ್ಟೇ. ಇಷ್ಟನ್ನು ಇಲ್ಲಿ ಅಡೆತಡೆಯಿಲ್ಲದೆ ಒದಗಿಸಿ, ಇಲ್ಲಿಂದ ಗುರಪ್ಪನಪಾಳ್ಯಕ್ಕೂ ತಾವರೆಕೆರೆಗೂ ಸಿದ್ದಾಪುರಕ್ಕೂ ಸೈಕಲ್ಲಿನ ದಾರಿಗಳನ್ನು ಬಿಟ್ಟರೆ, ಜಯನಗರದ ನೆರಳಿನ ರಸ್ತೆಗಳಿಗೆ ಅವು ತಾವಾಗಿಯೇ ಬಂದು ಕೂಡಿಕೊಳ್ಳುತ್ತವೆ.

ದಾಟುವುದು ಇನ್ನೊಂದು ಕಷ್ಟ. ನಮ್ಮ ಬಡಾವಣೆಗಳನ್ನು ಬನ್ನೇರುಘಟ್ಟ ರಸ್ತೆ, ಮಾರೇನಹಳ್ಳಿ ರಸ್ತೆ, ಹೊರವರ್ತುಲ ರಸ್ತೆ, ಕನಕಪುರ ರಸ್ತೆಗಳು ಹೊಳೆಗಳಂತೆ ಸೀಳುತ್ತವೆ. 2020ರಲ್ಲಿ ಮಹಾಮಾರಿಯ ವೇಳೆ, ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಈಶಾನ್ಯಕ್ಕೆ ಸುಮಾರು 17 ಕಿಲೋಮೀಟರು ಗೂಟಗಳನ್ನು ನೆಟ್ಟು ತಾತ್ಕಾಲಿಕ ಸೈಕಲ್ ಪಥವನ್ನು ಮಾಡಿದ್ದರು. ಆ ವರ್ಷ ಕೇಂದ್ರ ಸರ್ಕಾರ ಏರ್ಪಡಿಸಿದ ಸೈಕಲ್ ಸ್ಪರ್ಧೆಯಲ್ಲಿ ಆಯ್ದ ಹನ್ನೊಂದು ನಗರಗಳಲ್ಲಿ ಬೆಂಗಳೂರೂ ಒಂದಾಗಿತ್ತು. ಮೆಟ್ರೋ ಕಾಮಗಾರಿಯ ನಡುವೆ ಆ ಗೂಟಗಳು ಬಹುಮಟ್ಟಿಗೆ ಕಣ್ಮರೆಯಾದುವು. ಅದಿರಲಿ, ಹೊಳೆಯ ಉದ್ದಕ್ಕೆ ದಾರಿ ಮಾಡಿದರೆ ಸಾಲದು, ಹೊಳೆಯನ್ನು ದಾಟುವ ಉಪಾಯ ಬೇಕು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದ ಮೇಲೊಂದು ರಸ್ತೆ, ಅದರ ಮೇಲೆ 3.3 ಕಿಲೋಮೀಟರಿನ ಮೇಲ್ಸೇತುವೆ, ಅದರ ಮೇಲೆ ಮೆಟ್ರೋ ಹಳಿ, ಹೀಗೆ ಮೂರಂತಸ್ತಿನ ಕಟ್ಟೋಣ ಈಗ ನಿಂತಿದೆ. ಮೇಲ್ಸೇತುವೆಯನ್ನು 2024ರ ಜುಲೈನಲ್ಲಿ ತೆರೆದರು. ಹಳದಿ ಮಾರ್ಗದ ರೈಲು 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಈ ನಿರ್ಮಾಣಕೌಶಲಕ್ಕೆ ನಾನೂ ತಲೆದೂಗುತ್ತೇನೆ. ರೈಲಿನ ಕಿಟಕಿಯಿಂದ ಕಾಣುವ ಮಡಿವಾಳದ ಕೆರೆಯ ಕಡೆಯ ಹಸಿರು ಬಹು ರಮ್ಯ. ಆದರೆ ನೆಲದಲ್ಲಿ ನಿಂತು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕಾದವನು ಆಕಾಶವನ್ನು ನೋಡಿ ಏನು ಮಾಡಬೇಕು? ಮೆಟ್ಟಿಲು ಹತ್ತಿ ಮೇಲ್ದಾರಿಯಿಂದ ದಾಟಬೇಕೆಂದರೆ ಸೈಕಲ್ಲನ್ನು ಹೊರಲಾದೀತೇ? ಕಂಬಗಳ ನಡುವೆ ನೆಲಮಟ್ಟದಲ್ಲಿಯೇ, ಸಂಜ್ಞಾದೀಪದ ಕಾವಲಿನಲ್ಲಿ, ಸಾಕಷ್ಟು ಹೊತ್ತು ಕೊಡುವ ಅಡ್ಡದಾರಿಗಳೇ ಜಾಲದ ಪ್ರಾಣ. ಹೀಗೆ ನಡೆಯುವವರೂ ಸೈಕಲಿಗರೂ ವಾಹನಗಳೊಡನೆ ಬೆರೆಯುವ ಕಡೆ ವಾಹನದ ವೇಗ ಗಂಟೆಗೆ 30 ಕಿಲೋಮೀಟರನ್ನು ಮೀರಬಾರದೆಂದು 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ರಾಷ್ಟ್ರಗಳು ಘೋಷಿಸಿವೆ. ಐವತ್ತರ ವೇಗದ ಪೆಟ್ಟಿನಲ್ಲಿ ಮೂವತ್ತರ ವೇಗದ ಪೆಟ್ಟಿಗಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಶಕ್ತಿಯಿರುತ್ತದೆಂಬುದು ಭೌತಶಾಸ್ತ್ರದ ನಿಯಮ. ಅದಕ್ಕೆ ಯಾವ ಸಮಾವೇಶದ ಅಪ್ಪಣೆಯೂ ಬೇಕಿಲ್ಲ.

ಬೀದಿಯ ವ್ಯಾಪಾರಿಗಳನ್ನು ಎತ್ತಿಸಿದರೆ ಫುಟ್‌ಪಾತು ತಾನಾಗಿ ಸರಿಹೋಗುತ್ತದೆಂದು ವಾದಿಸುವ ನೆರೆಹೊರೆಯವರು ನನಗುಂಟು. ಹೂವಿನವಳ ಬುಟ್ಟಿ ಎರಡು ಅಡಿ ಜಾಗ ಹಿಡಿಯುತ್ತದೆ. ವಾದಿಸುವವರ ಕಾರು ಹತ್ತು ಸೈಕಲ್ಲಿನ ಜಾಗವನ್ನು ಹಿಡಿದು ನಿಂತಿರುತ್ತದೆ. 2014ರ ಕಾನೂನು ಬೀದಿ ವ್ಯಾಪಾರಿಗಳಿಗೆ ಸ್ಥಳ ಗುರುತಿಸಿ ಕೊಡಬೇಕೆನ್ನುತ್ತದೆ. ಕಾಲುದಾರಿಯ ನಡುವಿನ 1.8 ಮೀಟರನ್ನು ಬಿಟ್ಟು ಅಂಚಿನಲ್ಲಿ ಅವರಿಗೆ ಎಡೆ ಮಾಡಿಕೊಟ್ಟರೆ, ರಾತ್ರಿ ಒಂಬತ್ತರ ತನಕ ಆ ದಾರಿಗೆ ದೀಪವೂ ಇರುತ್ತದೆ, ಕಣ್ಣೂ ಇರುತ್ತದೆ.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡಲಾರಂಭಿಸಿ, ತರುವಾಯ ಗಂಡುಮಕ್ಕಳಿಗೂ ವಿಸ್ತರಿಸಿತು. ಹಳ್ಳಿಯ ದಾರಿಗಳಲ್ಲಿ ಎರಡು ಜಡೆ ಹಾರಿಸಿಕೊಂಡು ಸಾಲಾಗಿ ಸೈಕಲ್ಲಿನಲ್ಲಿ ಬರುವ ಹುಡುಗಿಯರನ್ನು ಕಂಡಾಗಲೆಲ್ಲ, ಸರ್ಕಾರವು ಸೈಕಲ್ಲನ್ನು ಕೊಟ್ಟಂತೆ ನಗರದಲ್ಲಿ ದಾರಿಯನ್ನು ಕೊಡಬಾರದೇ ಎನ್ನಿಸುತ್ತದೆ. ನಗರಗಳಲ್ಲಿ ಕೆಲವು ಹೆಜ್ಜೆಗಳು ಬೀಳದೆಯೂ ಇಲ್ಲ. 2017ರಲ್ಲಿ ಮೈಸೂರು 450 ಸೈಕಲ್ಲುಗಳಿಂದ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ಲಿನ ವ್ಯವಸ್ಥೆಯನ್ನು ಆರಂಭಿಸಿತು. 2021-22ರ ಸುಮಾರಿಗೆ ಭೂಸಾರಿಗೆ ನಿರ್ದೇಶನಾಲಯವು ನಡೆಯುವವರ, ಸೈಕಲ್ಲು ತುಳಿಯುವವರ ಹಕ್ಕುಗಳನ್ನು ಹೇಳುವ ಮಸೂದೆಯ ಕರಡೊಂದನ್ನು ಸಿದ್ಧಪಡಿಸಿತು. ಈ ನಡುವೆ 2025ರಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ನಗರಪಾಲಿಕೆಗಳು ಬಂದುವು. ದಾರಿ ಒಂದು ಪಾಲಿಕೆಯ ಎಲ್ಲೆಯಲ್ಲಿ ನಿಂತು ಇನ್ನೊಂದರಲ್ಲಿ ಮೊದಲಾಗದಂತೆ ನೋಡಿಕೊಳ್ಳುವುದು ಈಗಿನ ಹೊಸ ಜವಾಬ್ದಾರಿ.

ಬಿಲ್ಲೆಯ ವಿಷಯಕ್ಕೆ ಮರಳುತ್ತೇನೆ. ಅದನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ಹೊಳಪಿಸಿ ನನ್ನ ಮೊಮ್ಮಗಳು ತನ್ನ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿಕೊಂಡಿದ್ದಾಳೆ. ಅವಳ ಶಾಲೆ ಇರುವುದು ಜೆ.ಪಿ. ನಗರದಲ್ಲಿ, ನಮ್ಮ ಮನೆಯಿಂದ ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಸೈಕಲ್ಲಿನಲ್ಲಿ ಹೋಗುತ್ತೇನೆಂದು ಅವಳೂ, ಮಾರೇನಹಳ್ಳಿ ರಸ್ತೆಯನ್ನು ದಾಟಲು ಬಿಡುವುದಿಲ್ಲವೆಂದು ಅವಳ ತಂದೆಯೂ ಹಟ ಹಿಡಿದಿದ್ದರು. ಕಡೆಗೆ ಒಂದು ಭಾನುವಾರ ಬೆಳಿಗ್ಗೆ, ಎಲ್ಲೆಲ್ಲಿ ಇಳಿದು ತಳ್ಳಬೇಕಾಗುತ್ತದೋ ಅಲ್ಲೆಲ್ಲ ಗುರುತು ಹಾಕಿಕೊಳ್ಳೋಣವೆಂದು ತೀರ್ಮಾನಿಸಿ, ಅವಳು ಸೈಕಲ್ಲಿನಲ್ಲಿಯೂ ನಾನು ಹಿಂದಿನಿಂದ ನನ್ನ ಹಳೆಯ ಸೈಕಲ್ಲಿನಲ್ಲಿಯೂ ಹೊರಟೆವು. ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಅವಳು ದಾರಿಯನ್ನು ಬರೆದು, ಮೋರಿಯ ಚಪ್ಪಡಿ ಮುರಿದಲ್ಲಿ, ಟ್ರಾನ್ಸ್‌ಫಾರ್ಮರು ಕಾಲುದಾರಿಯನ್ನು ನುಂಗಿದಲ್ಲಿ, ದೀಪ ನಮಗೆ ಹಸಿರಾಗುವ ಮುನ್ನವೇ ಬಸ್ಸುಗಳಿಗೆ ಹಸಿರಾಗುವಲ್ಲಿ ಒಂದೊಂದು ಅಡ್ಡಗೆರೆ ಹಾಕುತ್ತ ಹೋದಳು. ಶಾಲೆಯ ಗೇಟನ್ನು ಮುಟ್ಟುವಷ್ಟರಲ್ಲಿ ಹದಿಮೂರು ಅಡ್ಡಗೆರೆಗಳಾಗಿದ್ದುವು. ಮನೆಗೆ ಹಿಂದಿರುಗಿ ಹಾಳೆಯನ್ನು ಮೇಜಿನ ಮೇಲೆ ಹರಡಿದಾಗ, “ತಾತ, ಒಂದನ್ನ ಮರೆತ್ವಿ,” ಎಂದು ಹೇಳಿ, ನಕ್ಷೆಯ ಮೊದಲ ಅಂಗುಲದಲ್ಲಿ, ನಮ್ಮದೇ ಗೇಟಿನ ಮುಂದೆ, ಹದಿನಾಲ್ಕನೆಯ ಗೆರೆಯನ್ನು ಹಾಕಿದಳು. ಅಲ್ಲಿ ಫುಟ್‌ಪಾತಿನ ಮೇಲೆ ಎರಡು ಚಕ್ರ, ರಸ್ತೆಯ ಮೇಲೆ ಎರಡು ಚಕ್ರವಾಗಿ ನಿಂತಿದ್ದುದು ನನ್ನ ಮಗನ ಕಾರು. ಅವನು ಆಗತಾನೆ ಕಾಫಿಯ ಲೋಟ ಹಿಡಿದು ಹೊರಗೆ ಬಂದಿದ್ದ. ಹಾಳೆಯನ್ನು ನೋಡಿ, ಮಗಳ ಮುಖವನ್ನು ನೋಡಿ, ಲೋಟವನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಕಾರಿನ ಕೀಲಿಯನ್ನು ತರಲು ಒಳಗೆ ಹೋದ.